ಪ್ರಾಣಿಗಳು ಮತ್ತು ಸಾರ್ವಜನಿಕ ನೀತಿ: ಸ್ನಾತಕೋತ್ತರ ವ್ಯಾಸಂಗಕ್ಕೆ ಹೊರಡುವವರಿಗೊಂದು ಕೈಪಿಡಿ

ಎತ್ತಿಗೆ ಬಾಸುಂಡೆ ಬರುವಂತೆ ಹೊಡೆದವನು ಮೊದಲ ಸಲ ಸಿಕ್ಕಿಬಿದ್ದರೆ, ನಮ್ಮ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್‌ನ ಪ್ರಕಾರ ಅವನು ಕಟ್ಟಬೇಕಾದ ದಂಡ ಕನಿಷ್ಠ 10 ರೂಪಾಯಿ, ಗರಿಷ್ಠ 50 ರೂಪಾಯಿ. ಅದೇ ಕಾಯ್ದೆ ‘ಪ್ರಾಣಿ’ ಎಂಬ ಪದಕ್ಕೆ ಕೊಡುವ ಅರ್ಥ ಮಾತ್ರ ಬಹಳ ವಿಶಾಲವಾದದ್ದು: ಮನುಷ್ಯನನ್ನು ಬಿಟ್ಟು ಉಳಿದ ಯಾವುದೇ ಜೀವಿ. ಅಮೆರಿಕದ 1966ರ ಪ್ರಾಣಿ ಕಲ್ಯಾಣ ಕಾಯ್ದೆಯ ಸ್ವಭಾವ ಇದಕ್ಕೆ ತದ್ವಿರುದ್ಧ. ಆಹಾರಕ್ಕಾಗಿ ಸಾಕುವ ಹಸು, ಹಂದಿ, ಕೋಳಿಗಳು ಅದರ ವ್ಯಾಪ್ತಿಗೆ ಬರುವುದಿಲ್ಲ. ಪ್ರಯೋಗಾಲಯಕ್ಕೆಂದೇ ಬೆಳೆಸಿದ ಇಲಿಗಳನ್ನೂ 2002ರ ತಿದ್ದುಪಡಿಯೊಂದು ಹೆಸರಿಸಿಯೇ ಹೊರಗಿಟ್ಟಿತು. ಆದರೆ ವ್ಯಾಪ್ತಿಯೊಳಗಿರುವ ಪ್ರಾಣಿಗಳ ಮಟ್ಟಿಗೆ ಪರವಾನಗಿ, ತಪಾಸಣೆ, ವರದಿ ಎಂಬ ಏರ್ಪಾಡು ಇದೆ. ಎಲ್ಲರನ್ನೂ ಒಳಗೊಂಡು ಯಾರನ್ನೂ ಅಷ್ಟಾಗಿ ಕಾಯಲಾರದ ಕಾನೂನು ಮೇಲೋ, ಕೆಲವರನ್ನಷ್ಟೇ ಒಳಗೊಂಡು ಅವರನ್ನಾದರೂ ಕಾಯುವ ಕಾನೂನು ಮೇಲೋ ಎಂಬ ಪ್ರಶ್ನೆ ನಿಮ್ಮನ್ನು ಅರ್ಧ ಗಂಟೆ ಕೂರಿಸಿ ಯೋಚನೆಗೆ ಹಚ್ಚುವುದಾದರೆ, ಈ ವ್ಯಾಸಂಗ ನಿಮಗೆ ಒಗ್ಗುತ್ತದೆ. ಪ್ರಶ್ನೆ ಒಣ ಎನಿಸಿದರೆ, ಪ್ರಾಣಿಗಳ ಜೊತೆಗಿನ ಕೆಲಸಕ್ಕೆ ಬೇರೆ ಒಳ್ಳೆಯ ದಾರಿಗಳಿವೆ. ಇದಕ್ಕೆ ಸಾಲ ಮಾಡುವ ಅಗತ್ಯವಿಲ್ಲ.

ಈ ಬರಹದಲ್ಲಿ ಮುಖ್ಯವಾಗಿ ಅಮೆರಿಕದ ಟಫ್ಟ್ಸ್ ವಿಶ್ವವಿದ್ಯಾಲಯದ ಕೋರ್ಸನ್ನು ಎದುರಿಗಿಟ್ಟುಕೊಂಡಿದ್ದೇನೆ. ಅಲ್ಲಿನ ಪಶುವೈದ್ಯಕೀಯ ಶಾಲೆಗೆ ಸೇರಿದ ‘ಪ್ರಾಣಿಗಳು ಮತ್ತು ಸಾರ್ವಜನಿಕ ನೀತಿ ಕೇಂದ್ರ’ವನ್ನು ಆಂಡ್ರ್ಯೂ ರೋವನ್ ಅವರು 1983ರಲ್ಲಿ ಸ್ಥಾಪಿಸಿದರು, ಅದೇ ವಿಷಯದಲ್ಲಿ ಎಂ.ಎಸ್. ಪದವಿ 1995ರಲ್ಲಿ ಆರಂಭವಾಯಿತು. ಇಂಗ್ಲಿಷ್ ಹೆಸರಿನ ಮೊದಲಕ್ಷರಗಳನ್ನು ಜೋಡಿಸಿ ಅದನ್ನು ‘ಮ್ಯಾಪ್’ ಎಂದು ಕರೆಯುತ್ತಾರೆ. ಸುಮಾರು ಒಂದು ವರ್ಷದ ಪದವಿಯೆಂದೇ ರೂಪುಗೊಂಡ ಈ ಕೋರ್ಸಿನಲ್ಲಿ ಪ್ರಾಣಿ ಕಲ್ಯಾಣ ವಿಜ್ಞಾನ, ನೀತಿಶಾಸ್ತ್ರ, ಕಾನೂನು, ನೀತಿ ವಿಶ್ಲೇಷಣೆ, ಸಂಶೋಧನಾ ವಿಧಾನಗಳು ಇವೆಲ್ಲ ಒಂದೇ ಸೂರಿನಡಿ ಬರುತ್ತವೆ.

ಬಿ.ವಿ.ಎಸ್ಸಿ. ಮುಗಿಸಿದವರಿಗೆ ಒಂದು ಮಾತನ್ನು ಮೊದಲೇ ಹೇಳಬೇಕು. ಇದು ವೈದ್ಯಕೀಯ ಪದವಿಯಲ್ಲ. ಹೆಬ್ಬಾಳದಲ್ಲೋ ಬೀದರಿನಲ್ಲೋ ಪಶುವೈದ್ಯಕೀಯ ಓದಿದವರು ಅಮೆರಿಕದಲ್ಲಿ ಚಿಕಿತ್ಸೆ ಮಾಡಬೇಕೆಂದರೆ ಅದಕ್ಕೆ ಬೇರೆಯದೇ ಆದ ಅರ್ಹತಾ ಪರೀಕ್ಷೆಗಳ ಸರಣಿ ಇದೆ, ಮತ್ತು ಈ ಎಂ.ಎಸ್. ಆ ಸರಣಿಯ ಒಂದು ಮೆಟ್ಟಿಲೂ ಅಲ್ಲ. ಅದೇ ರೀತಿ, ಪಶುವೈದ್ಯಕೀಯ ಶಾಲೆಯ ಕೋರ್ಸೆಂದು ಕಾನೂನು, ಸಮಾಜಶಾಸ್ತ್ರ, ಪತ್ರಿಕೋದ್ಯಮ ಓದಿದವರು ಹಿಂಜರಿಯಬೇಕಾಗಿಲ್ಲ. ಇಂಥ ತರಗತಿಗಳು ಬೇರೆ ಬೇರೆ ಹಿನ್ನೆಲೆಯವರು ಕಲೆತಾಗಲೇ ಚೆನ್ನಾಗಿ ನಡೆಯುತ್ತವೆ.

ಊರು ಬಿಡಲಾಗದವರಿಗೆ ಇದೇ ಕ್ಷೇತ್ರದಲ್ಲಿ ಎಡಿನ್‌ಬರೋ ವಿಶ್ವವಿದ್ಯಾಲಯದ ಆನ್‌ಲೈನ್ ಎಂ.ಎಸ್ಸಿ. ಇದೆ, ಹೈದರಾಬಾದಿನ ನಲ್ಸಾರ್ ಕಾನೂನು ವಿಶ್ವವಿದ್ಯಾಲಯ ಪ್ರಾಣಿ ಸಂರಕ್ಷಣಾ ಕಾನೂನುಗಳ ಬಗ್ಗೆ ದೂರಶಿಕ್ಷಣದ ಎಂ.ಎ. ನಡೆಸುತ್ತದೆ. ಕಾನೂನು ಪದವೀಧರರು ಆರೆಗನ್ ರಾಜ್ಯದ ಲೂಯಿಸ್ ಅಂಡ್ ಕ್ಲಾರ್ಕ್ ಕಾಲೇಜಿನ ಪ್ರಾಣಿ ಕಾನೂನಿನ ಎಲ್‌ಎಲ್.ಎಂ. ಅನ್ನೂ ನೋಡಬೇಕು. ಭಾರತದಲ್ಲೇ ಕೆಲಸ ಮಾಡುವ ದೃಢ ಮನಸ್ಸಿದ್ದು ಕೈಯಲ್ಲಿ ಹಣ ಕಡಿಮೆ ಇದ್ದರೆ, ನಲ್ಸಾರ್ ಕೋರ್ಸಿನ ಜೊತೆಗೆ ಎರಡು ವರ್ಷದ ಕ್ಷೇತ್ರಾನುಭವವೇ ವಿದೇಶದ ಒಂದು ವರ್ಷಕ್ಕಿಂತ ಹೆಚ್ಚು ಫಲ ಕೊಡಬಹುದೆಂಬುದು ನನ್ನ ಅಭಿಪ್ರಾಯ.

ಉದ್ದೇಶ ಪತ್ರ

ಅರ್ಜಿಯ ಜೀವವೆಲ್ಲ ಎಸ್‌ಒಪಿ ಎಂದು ಎಲ್ಲರೂ ಕರೆಯುವ ಉದ್ದೇಶ ಪತ್ರದಲ್ಲಿದೆ. ತಿದ್ದಿಕೊಡಿ ಎಂದು ನನ್ನ ಬಳಿಗೆ ಬರುವ ಕರಡುಗಳಲ್ಲಿ ಹೆಚ್ಚಿನವು ಒಂದೇ ವಾಕ್ಯದಿಂದ ಆರಂಭವಾಗುತ್ತವೆ: ಚಿಕ್ಕಂದಿನಿಂದಲೂ ನನಗೆ ಪ್ರಾಣಿಗಳೆಂದರೆ ಪ್ರಾಣ. ಆಮೇಲೆ ಮಳೆಯಲ್ಲಿ ನೆನೆಯುತ್ತಿದ್ದ ನಾಯಿಮರಿ ಬರುತ್ತದೆ, ಅಜ್ಜಿಯ ಮನೆಯ ಕರು ಬರುತ್ತದೆ. ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ಅರ್ಜಿ ಹಾಕುವ ಪ್ರತಿಯೊಬ್ಬರಿಗೂ ಪ್ರಾಣಿಗಳೆಂದರೆ ಪ್ರಾಣವೇ ಆಗಿರುವುದರಿಂದ, ಆ ವಾಕ್ಯದಿಂದ ಆಯ್ಕೆ ಸಮಿತಿಗೆ ನಿಮ್ಮ ಬಗ್ಗೆ ಏನೂ ತಿಳಿಯುವುದಿಲ್ಲ. ನೀತಿ ಎಂದರೆ ಹಿತಾಸಕ್ತಿಗಳ ಜಗಳ. ನಾಯಿಯ ಹಿತ, ನಾಯಿ ಕಚ್ಚಿದ ಮಗುವಿನ ಹಿತ, ಪಂಚಾಯಿತಿಯ ಖಾಲಿ ಖಜಾನೆ, ಬೀದಿಗೆ ಅನ್ನ ತಂದು ಹಾಕುವ ಹೆಂಗಸಿನ ಮಮತೆ ಇವೆಲ್ಲವೂ ಒಂದೇ ಮೇಜಿನ ಮೇಲೆ ಬಂದು ಕುಳಿತಾಗ ನೀವು ಏನು ಮಾಡುತ್ತೀರಿ ಎಂಬುದನ್ನು ತಿಳಿಯಲು ಅವರು ಪತ್ರ ಓದುತ್ತಾರೆ.

ಆದ್ದರಿಂದ ಪತ್ರ ಬರೆಯಲು ಕೂರುವ ಮುಂಚೆ ಒಂದು ಸ್ಥಳ, ಒಂದು ಪ್ರಾಣಿ, ಒಂದು ಕಾನೂನು ಇವು ಮೂರನ್ನು ಆರಿಸಿಕೊಳ್ಳಿ. ಒಬ್ಬ ಅರ್ಜಿದಾರಳ ಪತ್ರವನ್ನು ಹೀಗೆ ಬಿಚ್ಚಿ ಕಟ್ಟಿದೆವು. ಅವಳ ಮೊದಲ ಕರಡಿನಲ್ಲಿ ಬೀದಿನಾಯಿಗಳ ಸಂಕಟದ ಬಗ್ಗೆ ಎರಡು ಪುಟಗಳಿದ್ದವು. ನಿನ್ನೂರಿನಲ್ಲಿ ಇದರ ಹೊಣೆ ಯಾರದು ಎಂದು ಕೇಳಿದಾಗ ಉತ್ತರವಿರಲಿಲ್ಲ. 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳನ್ನು ತೆಗೆದು ಓದಿದಳು: ಹೊಣೆ ಸ್ಥಳೀಯ ಸಂಸ್ಥೆಯದು, ಶಸ್ತ್ರಚಿಕಿತ್ಸೆ ನಡೆಸುವ ಸಂಸ್ಥೆಗೆ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ ಮಾನ್ಯತೆ ಬೇಕು, ನಾಯಿಯನ್ನು ಹಿಡಿದ ಜಾಗಕ್ಕೇ ಮರಳಿ ಬಿಡಬೇಕು. ಅನಂತರ ಗ್ರಾಮ ಪಂಚಾಯಿತಿ ಕಚೇರಿಗೆ ಹೋಗಿ ಪಿಡಿಒ ಅವರನ್ನು ಮಾತನಾಡಿಸಿದಳು. ಅವರ ಕಡತದಲ್ಲಿ ನಾಯಿಗಳ ಬಗ್ಗೆ ಏಳು ದೂರುಗಳಿದ್ದವು, ಅದಕ್ಕೆಂದು ಮೀಸಲಿಟ್ಟ ಹಣ ಸೊನ್ನೆ. ಪಕ್ಕದ ಪಶು ಆಸ್ಪತ್ರೆಯಲ್ಲಿ ಒಬ್ಬರೇ ವೈದ್ಯರು, ಶಸ್ತ್ರಚಿಕಿತ್ಸೆಯ ನಂತರ ನಾಯಿಗಳನ್ನು ಇರಿಸಿಕೊಳ್ಳಲು ಒಂದೂ ಗೂಡಿಲ್ಲ. ‘ನಿಯಮ ಒಳ್ಳೆಯದೇ ಮೇಡಂ, ಅದನ್ನು ನಡೆಸುವುದಕ್ಕೆ ಇಲ್ಲಿ ಜನ ಬೇಕಲ್ಲ’ ಎಂದು ಪಿಡಿಒ ಹೇಳಿದ ಮಾತೇ ಅವಳ ಹೊಸ ಪತ್ರದ ಮೊದಲ ವಾಕ್ಯವಾಯಿತು. ಮಹಾನಗರದ ಅನುಕೂಲಗಳನ್ನು ಊಹಿಸಿಕೊಂಡು ಬರೆದಂತಿರುವ ನಿಯಮವನ್ನು ಸಣ್ಣ ಊರುಗಳು ಹೇಗೆ ಪಾಲಿಸಬಲ್ಲವು, ತಾಲ್ಲೂಕಿಗೊಂದರಂತೆ ಹಲವು ಪಂಚಾಯಿತಿಗಳು ಸೇರಿ ಒಂದು ಕೇಂದ್ರ ನಡೆಸಲು ಸಾಧ್ಯವೇ ಎಂಬುದು ಅವಳ ಪ್ರಶ್ನೆಯಾಯಿತು. ನಾಯಿಮರಿ ಎರಡನೇ ಪುಟದಲ್ಲಿ ಅರ್ಧ ಸಾಲಿಗೆ ಇಳಿಯಿತು. ಅಲ್ಲಿ ಅದು ಚೆನ್ನಾಗಿಯೇ ಇತ್ತು.

ಇಂಥ ಪ್ರಶ್ನೆಗಳಿಗೆ ಕರ್ನಾಟಕದಲ್ಲಿ ಬರವಿಲ್ಲ. 2023ರ ಗಣತಿ ಅಂದಾಜಿನಂತೆ ರಾಜ್ಯದಲ್ಲಿ 6,395 ಆನೆಗಳಿವೆ, ದೇಶದಲ್ಲೇ ಹೆಚ್ಚು. ಸಕಲೇಶಪುರ, ಆಲೂರು, ಕೊಡಗಿನ ಕಾಫಿ ತೋಟಗಳಲ್ಲಿ ಆನೆಯ ಕಾರಣಕ್ಕೆ ಬೆಳಗಿನ ಕೆಲಸದ ವೇಳೆಯೇ ಬದಲಾಗುತ್ತದೆ. ಕಂಬಳದ ಕಥೆ ನೀತಿ ಪಾಠಕ್ಕೆ ಹೇಳಿ ಮಾಡಿಸಿದಂತಿದೆ: 2014ರಲ್ಲಿ ಜಲ್ಲಿಕಟ್ಟು ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ನಿಷೇಧ, 2017ರಲ್ಲಿ ಕಂಬಳಕ್ಕೆ ದಾರಿ ಬಿಡಿಸಿದ ರಾಜ್ಯದ ತಿದ್ದುಪಡಿ, 2023ರ ಮೇ 18ರಂದು ಅಂಥ ತಿದ್ದುಪಡಿಗಳನ್ನು ಎತ್ತಿಹಿಡಿದ ಸಂವಿಧಾನ ಪೀಠದ ತೀರ್ಪು. ಇಲ್ಲಿ ಕಂಬಳ ಸರಿಯೋ ತಪ್ಪೋ ಎಂದು ವಾದಿಸುವುದಕ್ಕಿಂತ, ತಿದ್ದುಪಡಿಯ ಜೊತೆ ಬಂದ ಷರತ್ತುಗಳನ್ನು ಗದ್ದೆಯ ಅಂಚಿನಲ್ಲಿ ನಿಂತು ಯಾರು ನೋಡುತ್ತಾರೆ, ಚಾಟಿ ಎತ್ತಿದರೆ ಯಾರು ಬರೆದುಕೊಳ್ಳುತ್ತಾರೆ ಎಂದು ಕೇಳುವ ಪತ್ರಕ್ಕೆ ಹೆಚ್ಚು ತೂಕವಿರುತ್ತದೆ.

ಅಂಕಿಅಂಶ ಬೇಕಾದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. 10 ರೂಪಾಯಿ ಶುಲ್ಕ, 30 ದಿನದೊಳಗೆ ಉತ್ತರ ಕೊಡಬೇಕೆಂಬ ನಿಯಮ. ಪ್ರಶ್ನೆಯನ್ನು ಬಿಗಿಯಾಗಿ ಬರೆಯಿರಿ. ‘ನಾಯಿಗಳ ಬಗ್ಗೆ ಮಾಹಿತಿ ಕೊಡಿ’ ಎಂದರೆ ಏನೂ ಬರುವುದಿಲ್ಲ, ‘2023-24ರಲ್ಲಿ ಈ ಪುರಸಭೆಯು ಸಂತಾನಹರಣ ಶಸ್ತ್ರಚಿಕಿತ್ಸೆಗೆ ಪಾವತಿಸಿದ ಒಟ್ಟು ಮೊತ್ತ ಮತ್ತು ನಡೆಸಿದ ಶಸ್ತ್ರಚಿಕಿತ್ಸೆಗಳ ಸಂಖ್ಯೆ’ ಎಂದು ಕೇಳಿದರೆ ಬರುವ ಸಂಭವವಿದೆ. ಹಾಗೆ ಪಡೆದ ಒಂದು ಅಂಕಿ ನಿಮ್ಮ ಪತ್ರದಲ್ಲಿದ್ದರೆ, ಹತ್ತು ವಿಶೇಷಣಗಳು ಮಾಡಲಾರದ ಕೆಲಸವನ್ನು ಅದು ಮಾಡುತ್ತದೆ. ಬರೆದ ಮೇಲೆ, ಕಳುಹಿಸುವ ಹಿಂದಿನ ವಾರ ಕಾನೂನಿನ ಸ್ಥಿತಿಯನ್ನು ಮತ್ತೊಮ್ಮೆ ನೋಡಿ. ಬೀದಿನಾಯಿಗಳ ವಿಷಯದಲ್ಲಿ ಸುಪ್ರೀಂ ಕೋರ್ಟು 2025ರ ಆಗಸ್ಟ್ 11ರಂದು ಕೊಟ್ಟ ಆದೇಶವನ್ನು ಅದೇ ತಿಂಗಳ 22ರಂದು ಮಾರ್ಪಡಿಸಿತು. ನಡುವಿನ ಹನ್ನೊಂದು ದಿನದಲ್ಲಿ ಪತ್ರ ಕಳುಹಿಸಿದವರು ಹಳೆಯ ಸಂಗತಿಯನ್ನು ಬರೆದಂತಾಯಿತು.

ಉಳಿದ ಕಾಗದಪತ್ರ

ಆಗಸ್ಟ್ ಕೊನೆಗೋ ಸೆಪ್ಟೆಂಬರಿಗೋ ತರಗತಿ ಸೇರಬೇಕಾದವರು ಹಿಂದಿನ ವರ್ಷದ ಜೂನ್ ಹೊತ್ತಿಗೆ ಕೆಲಸ ಶುರುಮಾಡಬೇಕು. ಹೆಚ್ಚು ಸಮಯ ನುಂಗುವುದು ಪರೀಕ್ಷೆಗಳಲ್ಲ, ವಿಶ್ವವಿದ್ಯಾಲಯ ದೃಢೀಕರಿಸಿದ ಅಂಕಗಳ ದಾಖಲೆಯಾದ ಟ್ರಾನ್ಸ್‌ಕ್ರಿಪ್ಟ್. ವಿಶ್ವವಿದ್ಯಾಲಯದ ಪರೀಕ್ಷಾ ವಿಭಾಗಕ್ಕೆ ಅರ್ಜಿ, ಚಲನ್, ಎಲ್ಲ ಸೆಮಿಸ್ಟರಿನ ಅಂಕಪಟ್ಟಿಗಳ ಜೆರಾಕ್ಸ್ ಕೊಟ್ಟು ಬಂದ ಮೇಲೂ, ಮೊಹರು ಮಾಡಿದ ಲಕೋಟೆ ಕೈಗೆ ಬರಲು ವಾರಗಳೇ ಬೇಕಾಗಬಹುದು. ಒಂದರ ಬದಲು ನಾಲ್ಕೈದು ಲಕೋಟೆಗಳನ್ನು ಒಟ್ಟಿಗೇ ಕೇಳಿ ಪಡೆಯುವುದು ಜಾಣತನ. ಮೂರು ವರ್ಷದ ಬಿ.ಎ., ಬಿ.ಎಸ್ಸಿ. ಮಾಡಿದವರು ತಮ್ಮ ಪದವಿಯನ್ನು ಒಪ್ಪುತ್ತಾರೆಯೇ ಎಂದು ಪ್ರವೇಶ ವಿಭಾಗಕ್ಕೆ ಮೊದಲೇ ಇಮೇಲ್ ಬರೆದು ಕೇಳಿ, ಉತ್ತರವನ್ನು ಉಳಿಸಿಟ್ಟುಕೊಳ್ಳಿ. ಅಮೆರಿಕದ ಕೆಲವು ವಿಶ್ವವಿದ್ಯಾಲಯಗಳು ನಾಲ್ಕು ವರ್ಷದ ಪದವಿಗೆ ಸಮವೆಂಬ ಮೌಲ್ಯಮಾಪನ ಕೇಳುತ್ತವೆ. ಜಿಆರ್‌ಇ ಬೇಕೇ, ಇಂಗ್ಲಿಷ್ ಮಾಧ್ಯಮದಲ್ಲಿ ಓದಿದವರಿಗೆ ಇಂಗ್ಲಿಷ್ ಪರೀಕ್ಷೆಗಳಾದ ಟೋಫೆಲ್ ಅಥವಾ ಐಇಎಲ್‌ಟಿಎಸ್‌ನಿಂದ ವಿನಾಯಿತಿ ಇದೆಯೇ ಎಂಬುದನ್ನೂ ಅದೇ ಪತ್ರದಲ್ಲಿ ಕೇಳಿಬಿಡಿ.

ಶಿಫಾರಸು ಪತ್ರಗಳ ವಿಷಯದಲ್ಲಿ ನಮ್ಮ ಕಾಲೇಜುಗಳಲ್ಲಿ ಒಂದು ಪದ್ಧತಿ ಬೇರೂರಿದೆ: ‘ನೀನೇ ಬರೆದುಕೊಂಡು ಬಾ, ಸಹಿ ಹಾಕುತ್ತೇನೆ.’ ಗುರುಗಳು ಪ್ರೀತಿಯಿಂದಲೇ ಹೇಳುತ್ತಾರೆ, ಆದರೆ ಅದು ಪ್ರಾಮಾಣಿಕವೂ ಅಲ್ಲ, ಉಪಯೋಗಕ್ಕೂ ಬರುವುದಿಲ್ಲ. ಮೂರು ಪತ್ರಗಳಲ್ಲೂ ಒಂದೇ ಕೈಬರಹದ ವಾಸನೆ ಓದುವವರಿಗೆ ತಿಳಿಯುತ್ತದೆ. ಇದರ ಬದಲು ನಿಮ್ಮ ಕೆಲಸದ ಒಂದು ಪುಟದ ಟಿಪ್ಪಣಿ ಕೊಡಿ: ಯಾವ ವರ್ಷ ಅವರಲ್ಲಿ ಏನು ಓದಿದಿರಿ, ಯಾವ ಶಿಬಿರದಲ್ಲಿ ಏನು ಮಾಡಿದಿರಿ, ಎಲ್ಲಿ ಎಡವಿದಿರಿ. ಅದನ್ನು ನೋಡಿಕೊಂಡು ಅವರು ತಮ್ಮ ಮಾತಿನಲ್ಲಿ ಬರೆಯಲಿ. ವಿಭಾಗದ ಮುಖ್ಯಸ್ಥರ ಹೊಗಳಿಕೆಗಿಂತ, ನಿಮ್ಮೊಡನೆ ಲಸಿಕೆ ಶಿಬಿರದಲ್ಲಿ ಬಿಸಿಲಲ್ಲಿ ನಿಂತ ತಾಲ್ಲೂಕು ಪಶುವೈದ್ಯಾಧಿಕಾರಿಯ ಹತ್ತು ಸಾಲು ಮೇಲು.

ಹಣ ಮತ್ತು ವೀಸಾ

ನೀವು ಸೇರುವ ವರ್ಷ ಕೋರ್ಸು ಯಾವ ರೂಪದಲ್ಲಿ ನಡೆಯುತ್ತದೆ ಎಂಬುದನ್ನು ಹಣದ ಲೆಕ್ಕಕ್ಕಿಂತ ಮೊದಲು ಖಚಿತಪಡಿಸಿಕೊಳ್ಳಬೇಕು. ಎಫ್-1 ವಿದ್ಯಾರ್ಥಿ ವೀಸಾದ ನಿಯಮದಂತೆ ಪ್ರತಿ ಅವಧಿಯ ಪೂರ್ಣ ವ್ಯಾಸಂಗದ ಲೆಕ್ಕಕ್ಕೆ ಒಂದೇ ಒಂದು ಆನ್‌ಲೈನ್ ವಿಷಯವನ್ನು ಹಿಡಿಯಬಹುದು. ಬಹುಪಾಲು ಪಾಠ ಆನ್‌ಲೈನ್ ಆದರೆ ವೀಸಾಕ್ಕೆ ಬೇಕಾದ ಐ-20 ಪತ್ರ ಸಿಗುವುದಿಲ್ಲ; ಆಗ ಊರಲ್ಲೇ ಕುಳಿತು ಓದುವುದು, ಅಂದರೆ ಖರ್ಚು ಇಳಿಯುತ್ತದೆ, ಅಲ್ಲಿನ ಒಡನಾಟವೂ ತಪ್ಪುತ್ತದೆ.

ಐ-20ರಲ್ಲಿ ಬೋಧನಾ ಶುಲ್ಕ, ವಸತಿ, ವಿಮೆ ಸೇರಿದ ವರ್ಷದ ಒಟ್ಟು ವೆಚ್ಚ ಮುದ್ರಿತವಾಗಿರುತ್ತದೆ, ಅಷ್ಟು ಹಣಕ್ಕೆ ದಾಖಲೆ ತೋರಿಸಬೇಕು. ಜೆ.ಎನ್. ಟಾಟಾ ದತ್ತಿಯ ಸಾಲ ವಿದ್ಯಾರ್ಥಿವೇತನ, ಪರಿಶಿಷ್ಟ ಜಾತಿಯವರಿಗೆ ಕೇಂದ್ರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ ಇವುಗಳ ನಿಯಮಗಳನ್ನು ಪ್ರವೇಶ ಸಿಗುವ ಮುಂಚೆಯೇ ಓದಿಕೊಳ್ಳಿ, ಏಕೆಂದರೆ ಅವುಗಳ ಕೊನೆಯ ದಿನಾಂಕಗಳು ವಿಶ್ವವಿದ್ಯಾಲಯದ ವೇಳಾಪಟ್ಟಿಗೆ ಕಾಯುವುದಿಲ್ಲ. ಬ್ಯಾಂಕ್ ಸಾಲದ ಬಗ್ಗೆ ನಿಷ್ಠುರವಾಗಿ ಹೇಳಬೇಕೆಂದರೆ, ಇದು ಸಾಫ್ಟ್‌ವೇರ್ ಪದವಿಯಲ್ಲ. ಈ ಕೋರ್ಸು ಮುಗಿಸಿದವರು ಹೆಚ್ಚಾಗಿ ಸೇರುವುದು ಸ್ವಯಂಸೇವಾ ಸಂಸ್ಥೆ, ಸರ್ಕಾರಿ ಇಲಾಖೆ, ಸಂಶೋಧನಾ ಕೇಂದ್ರಗಳನ್ನು. ಅಲ್ಲಿನ ಸಂಬಳದಲ್ಲಿ ದೊಡ್ಡ ಸಾಲದ ಕಂತು ಕಟ್ಟುವುದು ಕಷ್ಟ. ಅಪ್ಪನ ಜಮೀನಿನ ಪಹಣಿ ಬ್ಯಾಂಕಿಗೆ ಹೋಗುವ ಮುಂಚೆ ಮನೆಯಲ್ಲಿ ಎಲ್ಲರೂ ಕುಳಿತು ಈ ಲೆಕ್ಕ ಮಾಡಬೇಕು.

ವೀಸಾಕ್ಕೆ 350 ಡಾಲರಿನ ಸೇವಿಸ್ (ವಿದೇಶಿ ವಿದ್ಯಾರ್ಥಿಗಳ ದಾಖಲಾತಿ ವ್ಯವಸ್ಥೆ) ಶುಲ್ಕ, 185 ಡಾಲರಿನ ಅರ್ಜಿ ಶುಲ್ಕ ಕಟ್ಟಿ, ಡಿಎಸ್-160 ಎಂಬ ವೀಸಾ ಅರ್ಜಿ ನಮೂನೆ ತುಂಬಿ, ಚೆನ್ನೈಗೋ ಹೈದರಾಬಾದಿಗೋ ಸಂದರ್ಶನಕ್ಕೆ ಹೋಗಬೇಕು. ಕಿಟಕಿಯ ಆಚೆ ಕುಳಿತವರಿಗೆ ಕೋರ್ಸಿನ ಹೆಸರೇ ಹೊಸತಾಗಿರಬಹುದು. ‘ಪ್ರಾಣಿಗಳಿಗೂ ನೀತಿಗೂ ಏನು ಸಂಬಂಧ’ ಎಂದರೆ ಭಾಷಣ ಬೇಡ. ನಮ್ಮ ರಾಜ್ಯದಲ್ಲಿ ಆನೆ ಮತ್ತು ಬೆಳೆಗಾರರ ಸಂಘರ್ಷದ ಪರಿಹಾರ ಯೋಜನೆಗಳನ್ನು ಅಧ್ಯಯನ ಮಾಡುತ್ತೇನೆ, ಮರಳಿ ಬಂದು ಇಂಥ ಕಡೆ ಆ ಕೆಲಸ ಮಾಡುತ್ತೇನೆ ಎಂದು ಎರಡು ವಾಕ್ಯದಲ್ಲಿ ಹೇಳಲು ಬರಬೇಕು.

ಅಲ್ಲಿ ಹೋದ ಮೇಲೆ

ಟಫ್ಟ್ಸ್ ಎಂದ ಕೂಡಲೇ ಅದರ ಮುಖ್ಯ ಆವರಣವಿರುವ, ಬಾಸ್ಟನ್ ಪಕ್ಕದ ಮೆಡ್‌ಫರ್ಡಿನಲ್ಲಿ ಮನೆ ಹುಡುಕುವುದು ಸಾಮಾನ್ಯವಾದ ತಪ್ಪು. ಪಶುವೈದ್ಯಕೀಯ ಶಾಲೆ ಇರುವುದು ಬಾಸ್ಟನ್‌ನಿಂದ ಪಶ್ಚಿಮಕ್ಕೆ ಸುಮಾರು 65 ಕಿಲೋಮೀಟರ್ ದೂರದ ನಾರ್ತ್ ಗ್ರಾಫ್ಟನ್‌ನಲ್ಲಿ, ಹಿಂದೆ ಸರ್ಕಾರಿ ಮಾನಸಿಕ ಆಸ್ಪತ್ರೆಯಿದ್ದ ವಿಶಾಲವಾದ ಜಾಗದಲ್ಲಿ. ವುಸ್ಟರ್, ಶ್ರೂಸ್‌ಬರಿ, ವೆಸ್ಟ್‌ಬರೋ ಕಡೆ ಮನೆ ನೋಡಿ. ಬಾಸ್ಟನ್–ವುಸ್ಟರ್ ಲೋಕಲ್ ರೈಲು ಗ್ರಾಫ್ಟನ್‌ನಲ್ಲಿ ನಿಲ್ಲುತ್ತದೆ. ಅದೇ ದಾರಿಯ ಆ್ಯಶ್‌ಲ್ಯಾಂಡ್‌ನಲ್ಲಿ ಶ್ರೀಲಕ್ಷ್ಮಿ ದೇವಸ್ಥಾನವಿದೆ, ಬಿಸಿಬೇಳೆಬಾತು ನೆನಪಾದ ದಿನ ನ್ಯೂ ಇಂಗ್ಲೆಂಡಿನ ಕನ್ನಡ ಕೂಟದವರೂ ಸಿಗುತ್ತಾರೆ. ಕಾರಿಲ್ಲದೆ ಚಳಿಗಾಲ ಕಳೆಯುವುದು ಕಷ್ಟವಾದ್ದರಿಂದ ಸಹಪಾಠಿಯೊಡನೆ ಮನೆ ಹಂಚಿಕೊಳ್ಳುವುದು ಒಳಿತು.

ಈ ವಿಷಯ ಓದಲು ಟಫ್ಟ್ಸ್ ಇರುವ ಮ್ಯಾಸಚೂಸೆಟ್ಸ್ ರಾಜ್ಯವೇ ಒಂದು ಪಠ್ಯ. ಪ್ಯೂರಿಟನ್ ವಲಸಿಗರು 1641ರಲ್ಲೇ ಸಾಕುಪ್ರಾಣಿಗಳ ಮೇಲಿನ ಕ್ರೌರ್ಯವನ್ನು ತಮ್ಮ ಕಾನೂನಿನಲ್ಲಿ ನಿಷೇಧಿಸಿದರು. 2008ರಲ್ಲಿ ಅಲ್ಲಿನ ಮತದಾರರು ನಾಯಿ ಓಟದ ಜೂಜನ್ನು ನಿಲ್ಲಿಸಿದರು. 2016ರಲ್ಲಿ ಕೋಳಿ, ಹಂದಿ, ಕರುಗಳನ್ನು ಮೈ ತಿರುಗಿಸಲೂ ಜಾಗವಿಲ್ಲದ ಗೂಡುಗಳಲ್ಲಿ ಕೂಡಿಹಾಕುವುದನ್ನೂ, ಹಾಗೆ ಬೆಳೆಸಿದ ಪದಾರ್ಥಗಳ ಮಾರಾಟವನ್ನೂ ಮತ ಹಾಕಿ ನಿಷೇಧಿಸಿದರು. ಆಮೇಲೆ ಏನಾಯಿತು ಎಂಬುದರಲ್ಲಿ ನಿಜವಾದ ಪಾಠವಿದೆ: ಮೊಟ್ಟೆಯ ನಿಯಮ ಜಾರಿಗೆ ಬರುವ ಹೊಸ್ತಿಲಲ್ಲಿ, 2021ರ ಡಿಸೆಂಬರಿನಲ್ಲಿ, ಶಾಸಕಾಂಗವು ಬಹು ಅಂತಸ್ತಿನ ಕೋಳಿಮನೆಗಳಲ್ಲಿ ಕೋಳಿಗೆ ಇರಬೇಕಾದ ಜಾಗವನ್ನು ಒಂದೂವರೆ ಚದರ ಅಡಿಯಿಂದ ಒಂದಕ್ಕೆ ಇಳಿಸಿತು. ಜನ ಮತ ಹಾಕಿದ ಕಾನೂನನ್ನು ಶಾಸಕರು ತಿದ್ದುವುದು ಸರಿಯೇ, ಮೊಟ್ಟೆಯ ಅಭಾವದ ಭಯ ನಿಜವಿತ್ತೇ, ಆ ಅರ್ಧ ಅಡಿಯಿಂದ ಕೋಳಿಗೆ ಏನು ವ್ಯತ್ಯಾಸವಾಯಿತು ಎಂಬ ಮೂರು ಪ್ರಶ್ನೆಗಳನ್ನು ಬೇರೆ ಬೇರೆಯಾಗಿ ನೋಡಲು ಬಂದರೆ ಕೋರ್ಸಿನ ಅರ್ಧ ದಾರಿ ಸವೆದಂತೆ.

ನಮ್ಮಲ್ಲಿ ಓದಿದವರು ಮೊದಲು ಮುಗ್ಗರಿಸುವುದು ನೀತಿ ಟಿಪ್ಪಣಿ ಬರೆಯುವಾಗ. ಪೀಠಿಕೆ, ಇತಿಹಾಸ, ಅನುಕೂಲ, ಅನನುಕೂಲ, ಉಪಸಂಹಾರ ಎಂಬ ಕ್ರಮ ನಮ್ಮ ಕೈಯಲ್ಲಿ ಕೂತುಬಿಟ್ಟಿರುತ್ತದೆ. ಶಾಸಕರ ಮೇಜಿಗೆ ಹೋಗುವ ಎರಡು ಪುಟದ ಟಿಪ್ಪಣಿ ತಲೆಕೆಳಗು: ಮೊದಲ ಸಾಲಿನಲ್ಲೇ ಏನು ಮಾಡಬೇಕು, ಎರಡನೆಯದರಲ್ಲಿ ಎಷ್ಟು ಖರ್ಚು, ಮೂರನೆಯದರಲ್ಲಿ ಯಾರು ವಿರೋಧಿಸುತ್ತಾರೆ. ಎದುರಾಳಿಯ ವಾದವನ್ನು ಅವನೇ ತಲೆದೂಗುವಷ್ಟು ಚೆನ್ನಾಗಿ ಬರೆಯಬೇಕು. ತರಗತಿಯಲ್ಲಿ ನಿಮ್ಮ ಒಂದು ಪಕ್ಕದಲ್ಲಿ ಹಾಲನ್ನೂ ಮುಟ್ಟದ ಕಾರ್ಯಕರ್ತೆ, ಇನ್ನೊಂದು ಪಕ್ಕದಲ್ಲಿ ಪ್ರಯೋಗಾಲಯದ ಪ್ರಾಣಿಗಳನ್ನು ನೋಡಿಕೊಳ್ಳುವ ವೈದ್ಯ ಕುಳಿತಿರಬಹುದು. ಆಕರವಿಲ್ಲದೆ ಬೇರೆಯವರ ಸಾಲುಗಳನ್ನು ಎತ್ತಿ ಬರೆಯುವುದು ಅಲ್ಲಿ ಗಂಭೀರ ಅಪರಾಧ, ಅದು ಗೊತ್ತಿರಲಿ.

ಗೋವಿನ ಪ್ರಶ್ನೆ ನಿಮ್ಮನ್ನು ಹುಡುಕಿಕೊಂಡು ಬಂದೇ ಬರುತ್ತದೆ. ಭಾವುಕ ಉತ್ತರವೂ ಬೇಡ, ನಾಚಿಕೆಯೂ ಬೇಡ. ಕಾಗದ ಇಟ್ಟುಕೊಂಡು ಮಾತನಾಡಿ. ಸಂವಿಧಾನದ 48ನೇ ವಿಧಿ ಗೋವಧೆಯ ಬಗ್ಗೆ ಏನು ಹೇಳುತ್ತದೆ. ಕರ್ನಾಟಕದ 1964ರ ಕಾಯ್ದೆ 12 ವರ್ಷ ಮೀರಿದ ಎತ್ತುಗಳ ವಧೆಗೆ ಹೇಗೆ ಅನುಮತಿಯಿಟ್ಟಿತ್ತು, 2020ರ ಕಾಯ್ದೆ 13 ವರ್ಷ ಮೀರಿದ ಎಮ್ಮೆ ಕೋಣಗಳನ್ನು ಬಿಟ್ಟು ಉಳಿದುದನ್ನೆಲ್ಲ ಹೇಗೆ ನಿಷೇಧಿಸಿತು. ಹಾಲು ನಿಂತ ಮಿಶ್ರತಳಿ ಹಸುವಿಗೆ ದಿನಾ ಮೇವು ಹಾಕುವ ಎರಡು ಎಕರೆಯ ರೈತ ಏನು ಮಾಡಬೇಕು, ಗಂಡುಕರು ಎಲ್ಲಿ ಹೋಗುತ್ತದೆ. ಈ ನಾಲ್ಕು ಸಂಗತಿಗಳನ್ನು ಜೋಡಿಸಿ ಹೇಳಿದರೆ, ಹೈನುಗಾರಿಕೆಯ ಬಗ್ಗೆ ಎಲ್ಲರೂ ತಮ್ಮ ದೇಶದ ಲೆಕ್ಕವನ್ನೂ ತೆಗೆಯತೊಡಗುತ್ತಾರೆ, ಚರ್ಚೆ ನಿಮ್ಮ ಮೇಲಿನ ವಿಚಾರಣೆಯಾಗದೆ ಚರ್ಚೆಯಾಗಿಯೇ ಉಳಿಯುತ್ತದೆ.

ಕೊನೆಯದಾಗಿ ದಿನಾಂಕದ ವಿಷಯ. ವ್ಯಾಸಂಗದ ನಂತರ 12 ತಿಂಗಳು ಕೆಲಸ ಮಾಡಲು ಅವಕಾಶ ಕೊಡುವ ಒಪಿಟಿಗೆ, ಕೋರ್ಸು ಮುಗಿಯುವ 90 ದಿನ ಮೊದಲಿನಿಂದ ಮುಗಿದ 60 ದಿನದವರೆಗೆ ಮಾತ್ರ ಅರ್ಜಿ ಹಾಕಬಹುದು. ಒಂದು ವರ್ಷದ ಕೋರ್ಸು ಆಗಸ್ಟ್‌ನಲ್ಲಿ ಮುಗಿಯುವುದಾದರೆ ಆ ಕಿಟಕಿ ತೆರೆಯುವುದು ಮೇ ತಿಂಗಳಲ್ಲಿ, ಅಂದರೆ ಸಂಶೋಧನಾ ಪ್ರಬಂಧದ ಕರಡು ಕುತ್ತಿಗೆಗೆ ಬಂದಿರುವ ಹೊತ್ತಿನಲ್ಲೇ. ಗ್ರಾಫ್ಟನ್ ತಲುಪಿದ ಮೊದಲ ವಾರ, ಸಿಮ್ ಕೊಂಡ ದಿನವೇ, ಆ ತಾರೀಖನ್ನು ಫೋನಿನಲ್ಲಿ ಹಾಕಿಟ್ಟುಕೊಳ್ಳಿ.